ಐಪಿ ವಿಳಾಸದ ಅಪರೂಪದ ಸಂಖ್ಯಾರೂಪಗಳು

ಐಪಿ ವಿಳಾಸದ ಅಪರೂಪದ ಸಂಖ್ಯಾರೂಪಗಳು ಎಂದರೆ ಅಂತರಜಾಲ ಪ್ರೋಟೋಕಾಲ್‌ನ 4ನೆಯ ಆವೃತ್ತಿಯ (ಐಪಿವಿ4) ವಿಳಾಸವನ್ನು ವಾಡಿಕೆಯ ನಾಲ್ಕು ದಶಮಾನ ಭಾಗಗಳಲ್ಲಿ ಬರೆಯದೆ ಬೇರೆ ಬಗೆಯಲ್ಲಿ ಬರೆಯುವ ಕ್ರಮಗಳು. ಜಾಲ ತಂತ್ರಾಂಶಗಳು ಇವನ್ನು ಒಪ್ಪಬೇಕೇ ಎಂಬುದು ಸುರಕ್ಷತೆಗೆ ಸಂಬಂಧಿಸಿದ ಪ್ರಶ್ನೆಯಾಗಿದೆ.

ಸ್ವರೂಪ

ಐಪಿವಿ4 ವಿಳಾಸವು ಮೂಲತಃ 32 ಬಿಟ್‌ಗಳ ಒಂದೇ ಸಂಖ್ಯೆ. ಓದುವ ಅನುಕೂಲಕ್ಕಾಗಿ ಅದನ್ನು ಎಂಟೆಂಟು ಬಿಟ್‌ಗಳ ನಾಲ್ಕು ಭಾಗಗಳಾಗಿ ಒಡೆದು, ನಡುವೆ ಚುಕ್ಕೆ ಇಟ್ಟು ಬರೆಯಲಾಗುತ್ತದೆ. ಗಣಕವು ತನ್ನನ್ನೇ ಸೂಚಿಸಲು ಬಳಸುವ 127.0.0.1 ಎಂಬ ವಿಳಾಸವನ್ನು ಹೀಗೂ ಬರೆಯಬಹುದು:

* 2130706433 – ಇಡೀ ವಿಳಾಸ ಒಂದೇ ದಶಮಾನ ಸಂಖ್ಯೆಯಾಗಿ
* 127.1 – ಕೊನೆಯ ಮೂರು ಭಾಗಗಳನ್ನು ಒಂದಾಗಿಸಿ
* 0177.0.0.1 – ಮೊದಲ ಭಾಗವನ್ನು ಅಷ್ಟಮಾನದಲ್ಲಿ. ಆರಂಭದ ಸೊನ್ನೆಯೇ ಅದರ ಗುರುತು

ಷೋಡಶಮಾನದಲ್ಲಿ ಬರೆಯುವ ರೂಪವೂ ಉಂಟು.

ಹಿನ್ನೆಲೆ

1981ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 791 ದಾಖಲೆಯು ವಿಳಾಸದ ಉದ್ದವನ್ನು ನಿಗದಿಪಡಿಸಿತೇ ಹೊರತು ಅದನ್ನು ಅಕ್ಷರಗಳಲ್ಲಿ ಬರೆಯುವ ನಿಯಮವನ್ನು ವಿಧಿಸಲಿಲ್ಲ. 1983ರ 4.2 ಬಿಎಸ್‌ಡಿ ಯುನಿಕ್ಸ್ ಈ ಎಲ್ಲ ರೂಪಗಳನ್ನೂ ಒಪ್ಪಿಕೊಂಡಿತು. ಅದನ್ನು ಅನುಸರಿಸಿದ ತಂತ್ರಾಂಶಗಳಲ್ಲಿ ಈ ರೂಢಿ ಉಳಿದುಕೊಂಡಿತು.

ಸುರಕ್ಷತೆ

ಒಂದೇ ಬರಹವನ್ನು ಎರಡು ತಂತ್ರಾಂಶಗಳು ಎರಡು ರೀತಿಯಲ್ಲಿ ಓದಿದಾಗ ಅಪಾಯ ಉಂಟಾಗುತ್ತದೆ. ವಿಳಾಸವನ್ನು ಪರಿಶೀಲಿಸುವ ತಂತ್ರಾಂಶವು 0177.0.0.1 ಎಂಬುದನ್ನು ದಶಮಾನವೆಂದು ತಿಳಿದು, 177.0.0.1 ಎಂಬ ಹೊರಗಿನ ವಿಳಾಸವೆಂದು ಅನುಮತಿಸಬಹುದು. ಸಂಪರ್ಕ ಸಾಧಿಸುವ ತಂತ್ರಾಂಶವು ಅದನ್ನೇ ಅಷ್ಟಮಾನವೆಂದು ಓದಿದರೆ, ಕೋರಿಕೆಯು ಸರ್ವರ್‌ನ ಒಳಗಿನ ಸೇವೆಗಳನ್ನೇ ತಲುಪುತ್ತದೆ.

ಪರ ಮತ್ತು ವಿರೋಧ

2005ರ ಆರ್‌ಎಫ್‌ಸಿ 3986 ಜಾಲವಿಳಾಸದಲ್ಲಿ ನಾಲ್ಕು ಭಾಗಗಳ ದಶಮಾನ ರೂಪಕ್ಕೆ ಮಾತ್ರ ಅವಕಾಶ ನೀಡುತ್ತದೆ. ಪೈಥಾನ್ ಭಾಷೆಯ ಐಪಿ ವಿಳಾಸ ಘಟಕವು 2021ರ 3.9.5ನೆಯ ಆವೃತ್ತಿಯಿಂದ ಸೊನ್ನೆಯಿಂದ ಆರಂಭವಾಗುವ ಭಾಗಗಳನ್ನು ತಿರಸ್ಕರಿಸುತ್ತದೆ. ಅದನ್ನು ದಶಮಾನವೆನ್ನಬೇಕೋ ಅಷ್ಟಮಾನವೆನ್ನಬೇಕೋ ಎಂಬ ಸಂದಿಗ್ಧ ಅಲ್ಲಿಗೆ ತಪ್ಪುತ್ತದೆ.

ಬ್ರೌಸರ್‌ಗಳು ಅನುಸರಿಸುವ ಡಬ್ಲ್ಯುಎಚ್‌ಎಟಿಡಬ್ಲ್ಯುಜಿ ಯುಆರ್‌ಎಲ್ ಮಾನಕದ ನಿಲುವು ಬೇರೆ. ಹಳೆಯ ಕೊಂಡಿಗಳು ಕೆಡದಂತೆ ಅದು ಅಪರೂಪದ ರೂಪಗಳನ್ನು ಸ್ವೀಕರಿಸಿ, ಅವನ್ನು ದೋಷವೆಂದು ಗುರುತಿಸಿ, ಕೂಡಲೇ ವಾಡಿಕೆಯ ರೂಪಕ್ಕೆ ಪರಿವರ್ತಿಸುತ್ತದೆ. ಹೀಗಾಗಿ ಬಳಕೆದಾರನು 2130706433 ಎಂದು ಬರೆದರೂ ವಿಳಾಸಪಟ್ಟಿಯಲ್ಲಿ 127.0.0.1 ಎಂದೇ ಕಾಣುತ್ತದೆ.

ಯಾವ ಮಾರ್ಗವನ್ನು ಅನುಸರಿಸಿದರೂ, ಬರಹದ ರೂಪವನ್ನಲ್ಲದೆ ಅದರಿಂದ ದೊರೆಯುವ ಸಂಖ್ಯೆಯನ್ನೇ ಪರಿಶೀಲಿಸಬೇಕೆಂಬುದು ಆರ್‌ಎಫ್‌ಸಿ 3986ರ ಸಲಹೆಯಾಗಿದೆ.