ಬೆಕ್ಕುಗಳ ಮೂತ್ರಬಾಧೆ

ಬೆಕ್ಕುಗಳ ಮೂತ್ರಬಾಧೆ ಎಂಬುದು ಸಾಕುಬೆಕ್ಕುಗಳ ಮೂತ್ರಕೋಶಕ್ಕೂ ಅದರಿಂದ ಮೂತ್ರವನ್ನು ಹೊರಗೊಯ್ಯುವ ವಿಸರ್ಜನಾ ನಾಳಕ್ಕೂ ತಗಲುವ ಹಲವು ತೊಂದರೆಗಳಿಗೆ ಒಟ್ಟಾಗಿ ಹೇಳುವ ಹೆಸರು. ಪಶುವೈದ್ಯಶಾಸ್ತ್ರದಲ್ಲಿ ಇದನ್ನು ಫೀಲೈನ್ ಲೋಯರ್ ಯೂರಿನರಿ ಟ್ರ್ಯಾಕ್ಟ್ ಡಿಸೀಸ್ ಎಂದೂ ಸಂಕ್ಷಿಪ್ತವಾಗಿ ಎಫ್‌ಎಲ್‌ಯುಟಿಡಿ ಎಂದೂ ಕರೆಯುತ್ತಾರೆ. ಇದು ಒಂದೇ ರೋಗವಲ್ಲ. ಹೊರಗೆ ಒಂದೇ ಬಗೆಯ ಲಕ್ಷಣಗಳನ್ನು ತೋರುವ, ಆದರೆ ಬೇರೆಬೇರೆ ಕಾರಣಗಳಿಂದ ಹುಟ್ಟುವ ರೋಗಗಳ ಗುಂಪು. ಆದುದರಿಂದ ಚಿಕಿತ್ಸೆಗೆ ಮೊದಲು ಕಾರಣವನ್ನು ಗುರುತಿಸುವುದು ಅಗತ್ಯ. ಗಂಡುಬೆಕ್ಕಿನಲ್ಲಿ ನಾಳವು ಪೂರ್ಣವಾಗಿ ಕಟ್ಟಿಕೊಂಡರೆ ಎರಡು ಮೂರು ದಿನಗಳಲ್ಲಿಯೇ ಸಾವು ಸಂಭವಿಸಬಹುದು.

ಲಕ್ಷಣಗಳು

ಆರೋಗ್ಯವಂತ ಬೆಕ್ಕು ಉಸುಕನ್ನು ಕೆದರಿ, ಮೂತ್ರ ವಿಸರ್ಜಿಸಿ, ಮುಚ್ಚಿ ಹೊರಟುಹೋಗುತ್ತದೆ. ಬಾಧೆಗೊಳಗಾದ ಬೆಕ್ಕು ಲಿಟರ್ ಬಾಕ್ಸ್‌ಗೆ, ಅಂದರೆ ಉಸುಕಿನ ತಟ್ಟೆಗೆ, ಪದೇ ಪದೇ ಹೋಗುತ್ತದೆ, ಬಹಳ ಹೊತ್ತು ಕುಕ್ಕರಿಸಿ ತಿಣುಕುತ್ತದೆ, ಕೆಲವೇ ಹನಿ ಮೂತ್ರ ಮಾಡುತ್ತದೆ, ನೋವಿನಿಂದ ಕೂಗುತ್ತದೆ, ಜನನಾಂಗವನ್ನು ಎಡೆಬಿಡದೆ ನೆಕ್ಕಿಕೊಳ್ಳುತ್ತದೆ. ಮೂತ್ರದಲ್ಲಿ ರಕ್ತ ಕಾಣಿಸಬಹುದು. ತಟ್ಟೆಯೊಂದಿಗೆ ನೋವು ಜೋಡಿಕೊಂಡ ಬಳಿಕ ಬೆಕ್ಕು ಅದನ್ನು ಬಿಟ್ಟು ಹಾಸಿಗೆ, ಬಚ್ಚಲು, ತಣ್ಣನೆಯ ನೆಲ ಮುಂತಾದ ಕಡೆ ಮೂತ್ರ ಮಾಡುವುದುಂಟು. ಇದನ್ನು ಹಟವೆಂದು ತಿಳಿದು ಹೊಡೆಯುವುದರಿಂದ ಬಾಧೆ ಹೆಚ್ಚುತ್ತದೆ.

ಕಾರಣಗಳು

ಕಾರಣ ತಿಳಿಯದ ಮೂತ್ರಕೋಶದ ಉರಿಯೂತ: ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳು ಈ ಬಗೆಯವು. ಇಲ್ಲಿ ಸೋಂಕಾಗಲಿ ಕಲ್ಲಾಗಲಿ ಇರುವುದಿಲ್ಲ. ಮನೆ ಬದಲಾವಣೆ, ಹೊಸ ಪ್ರಾಣಿಯ ಆಗಮನ, ಬೆಕ್ಕುಗಳ ನಡುವಿನ ಜಗಳ ಮುಂತಾದ ಒತ್ತಡಗಳಿಗೂ ಇದಕ್ಕೂ ಸಂಬಂಧವಿದೆ.

ಮೂತ್ರದ ಕಲ್ಲುಗಳು: ಮೆಗ್ನೀಸಿಯಂ, ಅಮೋನಿಯಂ ಮತ್ತು ಫಾಸ್ಫೇಟ್ ಕೂಡಿದ ಸ್ಟ್ರುವೈಟ್ ಹಾಗೂ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಎರಡು ಬಗೆಗಳು ಮುಖ್ಯ.

ನಾಳದ ಅಡಚಣೆ: ಲೋಳೆ, ಜೀವಕೋಶಗಳು ಮತ್ತು ಹರಳುಗಳು ಸೇರಿ ಬಿರಡೆಯಂತಾಗಿ ನಾಳವನ್ನು ಮುಚ್ಚುತ್ತವೆ. ಗಂಡುಬೆಕ್ಕಿನ ನಾಳ ಉದ್ದವಾಗಿಯೂ ತುದಿಯಲ್ಲಿ ಬಹಳ ಕಿರಿದಾಗಿಯೂ ಇರುವುದರಿಂದ ಈ ಅಪಾಯ ಹೆಚ್ಚಾಗಿ ಗಂಡಿಗೇ.

ಬ್ಯಾಕ್ಟೀರಿಯಾ ಸೋಂಕು: ಎಳೆಯ ಬೆಕ್ಕುಗಳಲ್ಲಿ ವಿರಳ. ಹತ್ತು ವರ್ಷ ದಾಟಿದವುಗಳಲ್ಲಿ, ವಿಶೇಷವಾಗಿ ಮೂತ್ರಪಿಂಡದ ರೋಗ ಅಥವಾ ಮಧುಮೇಹವಿದ್ದಾಗ, ಇದು ಹೆಚ್ಚು.

ಇತರ: ಮೂತ್ರಕೋಶದ ಗಡ್ಡೆ, ಪೆಟ್ಟು ಮತ್ತು ಹುಟ್ಟಿನಿಂದ ಬಂದ ದೋಷಗಳು.

ಕಾರಣವನ್ನು ಗುರುತಿಸುವ ಕ್ರಮ

ಮೊದಲ ಪ್ರಶ್ನೆ, ಮೂತ್ರ ಹೊರಬರುತ್ತಿದೆಯೇ ಎಂಬುದು. ಬೆಕ್ಕು ತಿಣುಕುತ್ತಿದ್ದು ತಟ್ಟೆ ಒಣಗಿಯೇ ಇದ್ದರೆ ಅದನ್ನು ತುರ್ತುಸ್ಥಿತಿಯೆಂದು ತಿಳಿಯಬೇಕು. ನಾಳ ಮುಚ್ಚಿದಾಗ ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಕಲ್ಮಶಗಳು ಏರಿ, ಹೃದಯದ ಬಡಿತ ಕುಂದುತ್ತದೆ. ವಾಂತಿ, ಆಹಾರ ನಿರಾಕರಣೆ, ಮಂಕುತನ ಇದರ ಸೂಚನೆಗಳು. ಮೂತ್ರ ತುಂಬಿ ಬಿಗಿದ ಮೂತ್ರಕೋಶವು ವೈದ್ಯರ ಕೈಗೆ ಗಟ್ಟಿ ಚೆಂಡಿನಂತೆ ಸಿಗುತ್ತದೆ. ಮನೆಯವರು ಹೊಟ್ಟೆಯನ್ನು ಒತ್ತಬಾರದು. ಮೂತ್ರಕೋಶ ಒಡೆಯುವ ಸಂಭವವಿದೆ.

ಎರಡನೆಯದು, ತೊಂದರೆ ಮೂತ್ರದ್ದೇ ಮಲದ್ದೇ ಎಂಬುದು. ಮಲಬದ್ಧತೆಯಲ್ಲಿಯೂ ಬೆಕ್ಕು ಇದೇ ರೀತಿ ತಿಣುಕುವುದರಿಂದ ಮಾಲೀಕರು ಒಂದನ್ನು ಮತ್ತೊಂದೆಂದು ಭಾವಿಸಿ ಅಮೂಲ್ಯ ಸಮಯ ಕಳೆಯುವುದುಂಟು. ಹಾಲಿನ ಲ್ಯಾಕ್ಟೋಸ್ ಅನೇಕ ವಯಸ್ಕ ಬೆಕ್ಕುಗಳಿಗೆ ಜೀರ್ಣವಾಗದು; ಅದರಿಂದ ಭೇದಿಯಾದಾಗಲೂ ಅವು ಪದೇ ಪದೇ ತಟ್ಟೆಗೆ ಹೋಗುತ್ತವೆ.

ಮೂರನೆಯದು, ರೋಗವೇ ವರ್ತನೆಯೇ ಎಂಬುದು. ಬಾಲವೆತ್ತಿ ನಿಂತು ಗೋಡೆಗೆ ಮೂತ್ರ ಸಿಂಪಡಿಸುವುದು ಸಾಮಾನ್ಯವಾಗಿ ಗಡಿ ಗುರುತಿಸುವ ವರ್ತನೆ. ತಿಣುಕದೆ, ಎಂದಿನ ಪ್ರಮಾಣದ ಮೂತ್ರವನ್ನು ಬೇರೆಡೆ ಮಾಡಿದರೆ ತಟ್ಟೆಯ ಕೊಳಕು, ಇಕ್ಕಟ್ಟು ಅಥವಾ ಅದನ್ನು ಇಟ್ಟಿರುವ ಜಾಗ ಕಾರಣವಿರಬಹುದು. ಮುದಿಬೆಕ್ಕಿಗೆ ಕೀಲುನೋವಿನಿಂದ ಎತ್ತರದ ಅಂಚು ದಾಟುವುದು ಕಷ್ಟವಾಗುತ್ತದೆ.

ನಾಲ್ಕನೆಯ ಹಂತ ಪರೀಕ್ಷೆಗಳದು. ಮೂತ್ರದ ಸಾಂದ್ರತೆ, ಆಮ್ಲೀಯತೆ, ರಕ್ತ ಮತ್ತು ಹರಳುಗಳನ್ನು ನೋಡಲಾಗುತ್ತದೆ. ಸಂಗ್ರಹಿಸಿದ ಮೂತ್ರ ತಣ್ಣಗಾದಂತೆ ಹರಳುಗಳು ಹೊಸದಾಗಿ ಮೂಡುವುದರಿಂದ ತಾಜಾ ಮಾದರಿಯೇ ಬೇಕು. ಸೋಂಕನ್ನು ಖಚಿತಪಡಿಸಲು ವೈದ್ಯರು ಸೂಜಿಯ ಮೂಲಕ ಮೂತ್ರಕೋಶದಿಂದ ನೇರವಾಗಿ ಮೂತ್ರ ತೆಗೆದು ಬ್ಯಾಕ್ಟೀರಿಯಾ ಕೃಷಿ ಮಾಡಿಸುತ್ತಾರೆ. ಸ್ಟ್ರುವೈಟ್ ಮತ್ತು ಆಕ್ಸಲೇಟ್ ಕಲ್ಲುಗಳು ಕ್ಷಕಿರಣ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣುತ್ತವೆ. ಯುರೇಟ್ ಕಲ್ಲುಗಳು ಅಲ್ಲಿ ತಪ್ಪಿಸಿಕೊಳ್ಳಬಹುದು, ಅವಕ್ಕೆ ಅಲ್ಟ್ರಾಸೌಂಡ್ ಉಪಯುಕ್ತ. ಇವೆಲ್ಲವೂ ನಿರಾಳವೆಂದು ಕಂಡ ಮೇಲೆಯೇ ಕಾರಣ ತಿಳಿಯದ ಉರಿಯೂತವೆಂಬ ತೀರ್ಮಾನಕ್ಕೆ ಬರಲಾಗುತ್ತದೆ.

ಚಿಕಿತ್ಸೆ

ನಾಳ ಕಟ್ಟಿದ್ದರೆ ಅರಿವಳಿಕೆ ನೀಡಿ ಕ್ಯಾತಿಟರ್ ಮೂಲಕ ತೆರವುಗೊಳಿಸಿ, ದ್ರವಗಳನ್ನು ನೀಡಲಾಗುತ್ತದೆ. ಮತ್ತೆ ಮತ್ತೆ ಕಟ್ಟಿಕೊಂಡರೆ ಶಸ್ತ್ರಚಿಕಿತ್ಸೆಯಿಂದ ಅಗಲವಾದ ಮೂತ್ರದ್ವಾರ ಮಾಡುವುದುಂಟು. ಸ್ಟ್ರುವೈಟ್ ಕಲ್ಲುಗಳು ವಿಶೇಷ ಆಹಾರದಿಂದ ಕೆಲವು ವಾರಗಳಲ್ಲಿ ಕರಗುತ್ತವೆ. ಆಕ್ಸಲೇಟ್ ಕಲ್ಲುಗಳು ಕರಗುವುದಿಲ್ಲ, ತೆಗೆಯಬೇಕಾಗುತ್ತದೆ. ಕಾರಣ ತಿಳಿಯದ ಉರಿಯೂತವು ಬಹುಮಟ್ಟಿಗೆ ಒಂದು ವಾರದೊಳಗೆ ತಾನಾಗಿ ಶಮನವಾಗುತ್ತದೆ, ಆದರೆ ಮರುಕಳಿಸುತ್ತದೆ. ನೋವುನಿವಾರಣೆ, ಹೆಚ್ಚು ನೀರು ಮತ್ತು ಒತ್ತಡದ ಇಳಿಕೆ ಇದಕ್ಕೆ ಉಪಾಯಗಳು. ಸೋಂಕಿಲ್ಲದಿದ್ದಾಗ ಆ್ಯಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ. ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಬಾರದು. ಅದನ್ನು ನಿರ್ವಿಷಗೊಳಿಸುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಸಾಲದು. ಒಂದೇ ಮಾತ್ರೆ ಪ್ರಾಣಾಂತಕವಾಗಬಹುದು.

ತಡೆಗಟ್ಟುವಿಕೆ

ಸಾಕುಬೆಕ್ಕಿನ ಪೂರ್ವಜವು ಒಣಪ್ರದೇಶದ ಆಫ್ರಿಕಾ ಕಾಡುಬೆಕ್ಕು. ಆದುದರಿಂದ ಬೆಕ್ಕಿಗೆ ಬಾಯಾರಿಕೆ ಕಡಿಮೆ, ಮೂತ್ರ ಗಾಢ. ತೇವಾಂಶವುಳ್ಳ ಆಹಾರ ಮತ್ತು ಹಲವು ಕಡೆ ಇಟ್ಟ ಶುಭ್ರ ನೀರು ಮೂತ್ರವನ್ನು ತೆಳುವಾಗಿಸುತ್ತವೆ. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ತಟ್ಟೆಯನ್ನಿಟ್ಟು, ದಿನವೂ ಸ್ವಚ್ಛಗೊಳಿಸಬೇಕು. ತಟ್ಟೆಯು ಊಟದ ಜಾಗದಿಂದ ದೂರವಿರಬೇಕು.

ಉತ್ತರ ಕರ್ನಾಟಕದಲ್ಲಿ

ಬಾಗಲಕೋಟೆ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ತಲುಪುವುದರಿಂದ ಬೆಕ್ಕುಗಳಿಗೆ ನೀರಿನ ವಿಚಾರದಲ್ಲಿ ಹೆಚ್ಚಿನ ಗಮನ ಬೇಕು. ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮದಂತಹ ಊರುಗಳಲ್ಲಿ ಬೆಕ್ಕುಗಳು ಹಿತ್ತಲು, ತಿಪ್ಪೆಗಳಲ್ಲಿ ವಿಸರ್ಜಿಸುವುದರಿಂದ ಮೂತ್ರ ಕಟ್ಟಿದ್ದು ಮನೆಯವರ ಕಣ್ಣಿಗೆ ಬೀಳದೇ ಹೋಗುವ ಸಂಭವ ಹೆಚ್ಚು. ಅನುಮಾನವಿದ್ದು ಬೆಕ್ಕು ಇನ್ನೂ ಲವಲವಿಕೆಯಿಂದಿದ್ದರೆ, ಅದನ್ನು ಒಂದು ಕೋಣೆಯಲ್ಲಿ ಉಸುಕಿನ ತಟ್ಟೆಯೊಂದಿಗೆ ಕೆಲವು ಗಂಟೆ ಇರಿಸಿ ತಟ್ಟೆ ಒದ್ದೆಯಾಯಿತೇ ಎಂದು ನೋಡಬಹುದು. ವಾಂತಿ ಅಥವಾ ಮಂಕುತನವಿದ್ದರೆ ಕಾಯದೆ ಹುನಗುಂದ, ಇಳಕಲ್ಲ, ಬಾದಾಮಿ, ಬಾಗಲಕೋಟೆ ಮುಂತಾದ ಸಮೀಪದ ಪಶು ಆಸ್ಪತ್ರೆಗೆ ಒಯ್ಯಬೇಕು. ರಾಜ್ಯದ ಸಂಚಾರಿ ಪಶು ಚಿಕಿತ್ಸಾ ಸೇವೆಯ ಸಹಾಯವಾಣಿ ಸಂಖ್ಯೆ 1962. ಹೊರಡುವ ಮುನ್ನ ಕರೆಮಾಡಿ, ಬೆಕ್ಕಿಗೆ ಕ್ಯಾತಿಟರ್ ಹಾಕುವ ಸೌಲಭ್ಯ ಎಲ್ಲಿದೆಯೆಂದು ವಿಚಾರಿಸಿಕೊಳ್ಳುವುದು ಲೇಸು.

ಇತಿಹಾಸ

1970ರ ದಶಕದಲ್ಲಿ ಈ ಎಲ್ಲ ಬಾಧೆಗಳನ್ನು ಬೆಕ್ಕಿನ ಮೂತ್ರ ಲಕ್ಷಣಕೂಟವೆಂಬ ಒಂದೇ ಹೆಸರಿನಲ್ಲಿ ವಿವರಿಸಲಾಗುತ್ತಿತ್ತು. ಕಾರಣಗಳು ಬೇರೆಬೇರೆಯೆಂದು ಸ್ಪಷ್ಟವಾದಂತೆ ಆ ಹೆಸರು ಹಿಂದೆ ಸರಿಯಿತು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಅವರು, ಕಾರಣ ತಿಳಿಯದ ಉರಿಯೂತವು ಮೂತ್ರಕೋಶಕ್ಕೆ ಮಾತ್ರ ಸೀಮಿತವಲ್ಲ, ಒತ್ತಡಕ್ಕೆ ಇಡೀ ದೇಹ ತೋರುವ ಪ್ರತಿಕ್ರಿಯೆಯ ಒಂದು ಭಾಗವೆಂದು ವಾದಿಸಿ, 2011ರಲ್ಲಿ ಅದಕ್ಕೆ ಪಂಡೋರಾ ಸಿಂಡ್ರೋಮ್ ಎಂಬ ಹೆಸರನ್ನು ಸೂಚಿಸಿದರು.