ಕಲಿಕಾ ನ್ಯೂನತೆ: ಪರೀಕ್ಷಾ ರಿಯಾಯಿತಿಯೂ ಪ್ರಮಾಣಪತ್ರದ ನ್ಯಾಯವೂ

ಬುದ್ಧಿಶಕ್ತಿಗೆ ಕೊರತೆಯಿಲ್ಲದಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಗುವಿಗೆ ನಿರಂತರವಾಗಿ ಎದುರಾಗುವ ತೊಡಕೇ ನಿರ್ದಿಷ್ಟ ಕಲಿಕಾ ನ್ಯೂನತೆ. ಓದಿನ ತೊಡಕನ್ನು ಡಿಸ್ಲೆಕ್ಸಿಯಾ, ಬರಹದ್ದನ್ನು ಡಿಸ್‌ಗ್ರಾಫಿಯಾ, ಲೆಕ್ಕದ್ದನ್ನು ಡಿಸ್ಕ್ಯಾಲ್ಕುಲಿಯಾ ಎನ್ನುತ್ತಾರೆ. ಇಂತಹ ವಿದ್ಯಾರ್ಥಿಯ ಭವಿಷ್ಯ ಎರಡು ಕಾಗದಗಳನ್ನು ಅವಲಂಬಿಸಿದೆ: ಒಂದು ನ್ಯೂನತೆಯ ಪ್ರಮಾಣಪತ್ರ, ಇನ್ನೊಂದು ಅಂಕಪಟ್ಟಿ.

ಕಾಯ್ದೆ ಏನು ಹೇಳುತ್ತದೆ?

1995ರ ಕಾಯ್ದೆಯ ಏಳು ನ್ಯೂನತೆಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ವಿಸ್ತರಿಸಿ ಇದನ್ನೂ ಸೇರಿಸಿತು. ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವು ಅದರ 17ನೇ ಸೆಕ್ಷನ್‌ನಲ್ಲಿವೆ. ಗಂಗಾನಗರ, ಆರ್.ಟಿ. ನಗರ, ಹೆಬ್ಬಾಳದಂತಹ ಬಡಾವಣೆಗಳಲ್ಲಿ ಅಕ್ಕಪಕ್ಕದ ಮನೆಯ ಮಕ್ಕಳೇ ರಾಜ್ಯ ಪಠ್ಯಕ್ರಮ, ಸಿಬಿಎಸ್‌ಇ, ಐಸಿಎಸ್‌ಇ ಎಂದು ಬೇರೆ ಬೇರೆ ಪರೀಕ್ಷೆ ಬರೆಯುತ್ತಾರೆ. ಮಂಡಳಿಗಳ ನಿಯಮ, ಗಡುವುಗಳು ಬೇರೆಯಾದರೂ ಕಾಯ್ದೆ ಒಂದೇ.

ಪ್ರಮಾಣಪತ್ರ ಯಾವಾಗ?

2018ರ ಜನವರಿಯ ಕೇಂದ್ರ ಮಾರ್ಗಸೂಚಿಯು ಪತ್ತೆಗಾಗಿ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲೆಯನ್ನೇ ಸೂಚಿಸಿತು. ಎಂಟು ವರ್ಷದ ನಂತರ ಪ್ರಮಾಣಪತ್ರ, 14 ಮತ್ತು 18ನೇ ವಯಸ್ಸಿನಲ್ಲಿ ಮರುಪರಿಶೀಲನೆ ಎಂದೂ ಹೇಳಿತು. ಮಾರ್ಗಸೂಚಿ 2024ರ ಮಾರ್ಚ್‌ನಲ್ಲಿ ಪರಿಷ್ಕೃತವಾಗಿದೆ. 2021ರ ಜೂನ್ 1ರಿಂದ ಯುಡಿಐಡಿ ಜಾಲತಾಣದ ಮೂಲಕವೇ ಪ್ರಮಾಣಪತ್ರ ನೀಡುವುದು ಕಡ್ಡಾಯವಾಗಿದೆ. ಹತ್ತನೇ ತರಗತಿಯ ಹೊಸ್ತಿಲಲ್ಲಿ ಎಚ್ಚೆತ್ತರೆ ತಡವಾದೀತು. ಪೋಷಕರು ಎಂಟನೇ ತರಗತಿಯಲ್ಲಿಯೇ ಪ್ರಮಾಣಪತ್ರದ ಅವಧಿಯನ್ನು ಪರಿಶೀಲಿಸಿ ಮುಖ್ಯೋಪಾಧ್ಯಾಯರೊಡನೆ ಮಾತನಾಡುವುದು ಒಳಿತು.

ನ್ಯಾಯಾಲಯಗಳ ನಿಲುವು

ಶೇ. 40ರಷ್ಟು ನ್ಯೂನತೆಯಿಲ್ಲ ಎಂಬ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ವಿಕಾಶ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿತು. ಅದೇ ವರ್ಷ ನೀಟ್ ಪರೀಕ್ಷೆಯಲ್ಲಿ ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಗೆ ಒಂದು ಗಂಟೆಯ ಹೆಚ್ಚುವರಿ ಸಮಯ ದೊರೆಯಲಿಲ್ಲ. ನವೆಂಬರ್‌ನಲ್ಲಿ ನ್ಯಾಯಾಲಯವು ಮರುಪರೀಕ್ಷೆಗೆ ಒಪ್ಪದಿದ್ದರೂ, ಆದ ಅನ್ಯಾಯವನ್ನು ಸರಿಪಡಿಸುವ ಬಗೆಯನ್ನು ಪರಿಶೀಲಿಸುವಂತೆ ಪರೀಕ್ಷಾ ಸಂಸ್ಥೆಗೆ ಸೂಚಿಸಿತು.

ಅಂಕಪಟ್ಟಿಯ ಮೇಲೆ ಟಿಪ್ಪಣಿ?

ರಿಯಾಯಿತಿ ಪಡೆದುದನ್ನು ಅಂಕಪಟ್ಟಿಯಲ್ಲಿ ನಮೂದಿಸಬಹುದೇ ಎಂಬ ಪ್ರಶ್ನೆ ವಿದೇಶಗಳಲ್ಲೂ ಎದ್ದಿದೆ. ಇಂತಹ ಟಿಪ್ಪಣಿಯನ್ನು ಐರ್ಲೆಂಡಿನ ಸುಪ್ರೀಂ ಕೋರ್ಟ್ 2017ರಲ್ಲಿ ಎತ್ತಿಹಿಡಿಯಿತು. ಕಾಗುಣಿತಕ್ಕೆ ಅಂಕ ನೀಡದೆ ಬಿಟ್ಟಿದ್ದರೆ ನಮೂದಿಸಬಹುದು, ಆದರೆ ಡಿಸ್ಲೆಕ್ಸಿಯಾ ಇರುವವರ ಪತ್ರದಲ್ಲಿ ಮಾತ್ರ ನಮೂದಿಸುವುದು ತಾರತಮ್ಯ ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2023ರ ನವೆಂಬರ್ 22ರಂದು ಹೇಳಿತು.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ವಿನಾಯಿತಿಯು ಪರೀಕ್ಷಿಸುವ ವಿಷಯವನ್ನೇ ಬದಲಿಸುತ್ತದೆ. ಹೆಚ್ಚುವರಿ ಸಮಯ ಹಾಗಲ್ಲ: ಪ್ರಶ್ನೆ ಅದೇ, ಉತ್ತರವೂ ವಿದ್ಯಾರ್ಥಿಯದೇ. ಹೀಗಿರುವಾಗ ಸಮಯವನ್ನಷ್ಟೇ ಪಡೆದವನ ಅಂಕಪಟ್ಟಿಗೆ ಬೇರೆ ಗುರುತು ಹಚ್ಚುವುದು ನ್ಯಾಯವೆನಿಸದು.