ಗ್ರಂಥರಾಶಿಯ ವಿಕ್ರಯ: ಮೆಕೆಂಜಿ ಸಂಗ್ರಹವೂ ಶ್ರಾವಕಧರ್ಮವೂ

ಊರು ಬಿಟ್ಟು ದೇಶಾಂತರಕ್ಕೆ ಹೊರಡುವ ಗೃಹಸ್ಥನು ಮನೆಯನ್ನು ಮಾರುತ್ತಾನೆ, ಪಾತ್ರೆಪಗಡಗಳನ್ನು ಬಂಧುಗಳಿಗೆ ಹಂಚುತ್ತಾನೆ, ಬಂಗಾರವನ್ನು ಜೊತೆಗೆ ಒಯ್ಯುತ್ತಾನೆ. ಕಟ್ಟಕಡೆಗೆ ಉಳಿಯುವುದು ಪುಸ್ತಕ. ಅದನ್ನು ಒಯ್ಯಲು ಭಾರ, ಹಂಚಲು ಓದುವವರಿಲ್ಲ, ಇಡಲು ಸ್ಥಳವಿಲ್ಲ. ಹೊರಡುವ ದಿನ ಹತ್ತಿರವಾದಂತೆ ‘ಎಲ್ಲವನ್ನೂ ಸೇರಿಸಿ ಇಷ್ಟು’ ಎಂಬ ಒಂದೇ ಮಾತಿನಲ್ಲಿ ವ್ಯವಹಾರ ಮುಗಿಯುತ್ತದೆ. ಕಾಗದ ಮತ್ತು ಹಳೆಯ ಪುಸ್ತಕಗಳ ವ್ಯಾಪಾರದಲ್ಲಿ ಆಯುಷ್ಯ ಕಳೆದ ನಾನು ಇಂತಹ ಅನೇಕ ವ್ಯವಹಾರಗಳಲ್ಲಿ ಕೊಳ್ಳುವವನಾಗಿದ್ದೆ. ಈಗ ಪರದೇಶದಲ್ಲಿರುವ ಮಗನ ಬಳಿಗೆ ಹೋಗಿ ನೆಲೆಸಬೇಕಾದ ಸಂದರ್ಭ ಒದಗಿ, ಮಾರುವವನಾಗಿ ನಿಂತಿದ್ದೇನೆ. ಆದ್ದರಿಂದ, ಗ್ರಂಥಗಳನ್ನು ಸಗಟಾಗಿ ಮಾರುವುದರಲ್ಲಿ ಧರ್ಮ ಯಾವುದು, ಅಧರ್ಮ ಯಾವುದು ಎಂಬ ಪ್ರಶ್ನೆ ನನಗೆ ಕೇವಲ ಪಾಂಡಿತ್ಯದ ಪ್ರಶ್ನೆಯಾಗಿ ಉಳಿದಿಲ್ಲ. ಉತ್ತರಕ್ಕಾಗಿ ಇತಿಹಾಸದತ್ತ ನೋಡಿದಾಗ, ನಮ್ಮ ನಾಡಿಗೂ ನಮ್ಮ ಸಮಾಜಕ್ಕೂ ನೇರವಾಗಿ ಸಂಬಂಧಿಸಿದ ಒಂದು ದೊಡ್ಡ ಮಾರಾಟ ಕಣ್ಣಿಗೆ ಬೀಳುತ್ತದೆ. ಅದು ಕರ್ನಲ್ ಕಾಲಿನ್ ಮೆಕೆಂಜಿಯ ಸಂಗ್ರಹದ ಮಾರಾಟ.

ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. 1783ರಲ್ಲಿ ಮದರಾಸಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಎಂಜಿನಿಯರನಾದನು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಮೋಜಣಿಯ ಹೊಣೆ ಅವನಿಗೆ ಬಂದಿತು. ನೆಲವನ್ನು ಅಳೆಯುವುದರ ಜೊತೆಗೆ ಊರೂರಿನ ಸ್ಥಳಪುರಾಣ, ಕೈಫಿಯತ್ತು, ಶಾಸನದ ನಕಲು, ಓಲೆಗರಿ, ನಾಣ್ಯಗಳನ್ನು ಅವನು ಕೂಡಿಸತೊಡಗಿದನು. ಅವನಿಗೆ ದೇಶಭಾಷೆಗಳು ಬರುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಕಾವಲಿ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮತ್ತು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದ ಸಹಾಯಕರು. ಮಲೆಯೂರೆಂದರೆ ಚಾಮರಾಜನಗರದ ಸಮೀಪದ ಕನಕಗಿರಿ, ಪೂಜ್ಯಪಾದಾಚಾರ್ಯರ ಸ್ಮರಣೆಯಿಂದ ಪವಿತ್ರವಾದ ಕ್ಷೇತ್ರ. ಅದೇ ಕ್ಷೇತ್ರದ ದೇವಚಂದ್ರ ಕವಿಯೂ 1804ರಲ್ಲಿ ಮೆಕೆಂಜಿಯನ್ನು ಕಂಡವನು. ಮುಂದೆ ಮೈಸೂರು ಅರಮನೆಯ ದೇವೀರಮ್ಮಣ್ಣಿಯವರಿಗಾಗಿ ಪೂರ್ಣಗೊಳಿಸಿದ ‘ರಾಜಾವಳಿ ಕಥೆ’ಯಲ್ಲಿ ಆ ಭೇಟಿಯ ಸಂಗತಿಯನ್ನು ಅವನೇ ಹೇಳಿಕೊಂಡಿದ್ದಾನೆ.

ಜೈನಧರ್ಮದ ಬಗ್ಗೆ ಹೊರಜಗತ್ತಿನ ತಿಳಿವಳಿಕೆ ಬೆಳೆದ ಇತಿಹಾಸದಲ್ಲಿಯೂ ಈ ಗುಂಪಿಗೆ ಗೌರವದ ಸ್ಥಾನವಿದೆ. 1807ರ ‘ಏಷಿಯಾಟಿಕ್ ರಿಸರ್ಚಸ್’ ಸಂಪುಟದಲ್ಲಿ, ಒಬ್ಬ ಜೈನ ಪುರೋಹಿತರಿಂದ ಸಂಗ್ರಹಿಸಿ ಬೋರಯ್ಯನು ಅನುವಾದಿಸಿದ ಜೈನರ ವೃತ್ತಾಂತವು ಮೆಕೆಂಜಿಯ ಮೂಲಕ ಪ್ರಕಟವಾಯಿತು. ಅದೇ ಸಂಪುಟದಲ್ಲಿ ಕೋಲ್‌ಬ್ರೂಕನು ಜೈನರನ್ನು ಕುರಿತು ಬರೆದ ಪ್ರಬಂಧವೂ ಇದೆ. 1816ರಲ್ಲಿ ತಾಮಸ್ ಹಿಕಿ ಬರೆದ ಮೆಕೆಂಜಿಯ ವರ್ಣಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಅಂಗಿಯ ಆ ಅಧಿಕಾರಿಯ ಪಕ್ಕದಲ್ಲಿ ಓಲೆಗರಿ ಹಿಡಿದು ನಿಂತವನು ಧರ್ಮಯ್ಯನೆಂದು ಗುರುತಿಸಲಾಗಿದೆ. ಹಿನ್ನೆಲೆಯ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟಮೂರ್ತಿ ನಿಂತಿದೆ.

1815ರಲ್ಲಿ ಮೆಕೆಂಜಿ ಇಡೀ ಭಾರತದ ಸರ್ವೇಯರ್ ಜನರಲ್ ಆದನು. ಹುದ್ದೆಯ ಕಾರಣದಿಂದ ಸಂಗ್ರಹವೂ ಸಹಾಯಕರೂ ಅವನೊಡನೆ ಕಲ್ಕತ್ತೆಗೆ ಹೋಗಬೇಕಾಯಿತು. ಕಾಲಕಳೆದಂತೆ ಅವನ ಮನಸ್ಸಿನಲ್ಲಿ ಒಂದೇ ಚಿಂತೆ ಬಲಿಯಿತು: ಕೂಡಿಸಿದ್ದನ್ನು ವಿಂಗಡಿಸಿ ವಿವರಣಾತ್ಮಕ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಅವನು ರಜೆಯ ಮೇಲೆ ಇಂಗ್ಲೆಂಡಿಗೆ ಬಂದು ಆ ಕೆಲಸ ಮಾಡಲು ಅನುಮತಿ ದೊರಕಬೇಕೆಂದು, ಸಿಂಹಳದ ಮುಖ್ಯ ನ್ಯಾಯಾಧೀಶನಾಗಿದ್ದ ಅಲೆಕ್ಸಾಂಡರ್ ಜಾನ್‌ಸ್ಟನ್ ಕಂಪನಿಯ ನಿರ್ದೇಶಕರಲ್ಲಿ ಪ್ರಯತ್ನಿಸಿದನು. ಆದರೆ ಆ ಪಯಣ ನಡೆಯಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಬಳಿ ಮೆಕೆಂಜಿ ಕಾಲವಶನಾದನು. ವಿಧವೆಯಾದ ಪೆಟ್ರೊನೆಲ್ಲಳ ಪಾಲಿಗೆ ಉಳಿದದ್ದು, ತಾನು ಓದಲಾರದ ಹಲವು ಭಾಷೆಗಳ ಒಂದು ಬೃಹತ್ ರಾಶಿ. ಕಂಪನಿ ಅದನ್ನು ಒಟ್ಟಾಗಿ ಒಂದು ಲಕ್ಷ ರೂಪಾಯಿಗೆ, ಆಗಿನ ಲೆಕ್ಕದಲ್ಲಿ ಸುಮಾರು 10,000 ಪೌಂಡುಗಳಿಗೆ, ಕೊಂಡಿತು. ಮೆಕೆಂಜಿ ತನ್ನ ಕೈಯಿಂದ 15,000 ಪೌಂಡಿಗೂ ಹೆಚ್ಚು ವ್ಯಯಿಸಿದ್ದನೆಂದು ಜಾನ್‌ಸ್ಟನ್ 1832ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೇಳಿದ್ದಾನೆ.

ವ್ಯಾಪಾರಿಯ ದೃಷ್ಟಿಯಿಂದ ಈ ಲೆಕ್ಕವನ್ನು ಸ್ವಲ್ಪ ಪರಿಶೀಲಿಸೋಣ. 1828ರಲ್ಲಿ ಎಚ್. ಎಚ್. ವಿಲ್ಸನ್ ಪ್ರಕಟಿಸಿದ ಪಟ್ಟಿಯ ಪ್ರಕಾರ ಸಂಗ್ರಹದಲ್ಲಿ 1,568 ಸಾಹಿತ್ಯಕ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳ ನಕಲುಗಳು, 2,630 ಚಿತ್ರಗಳು, 79 ನಕ್ಷೆಗಳು, 6,218 ನಾಣ್ಯಗಳು, 106 ಮೂರ್ತಿಗಳು ಮತ್ತು 40 ಪ್ರಾಚೀನ ವಸ್ತುಗಳಿದ್ದವು. ಈ ಎಂಟು ಬಾಬುಗಳ ಮೊತ್ತ 20,787. ಒಂದು ಲಕ್ಷ ರೂಪಾಯಿಯನ್ನು ಅದರಿಂದ ಭಾಗಿಸಿದರೆ ತಲಾ ಐದು ರೂಪಾಯಿಗೂ ಕಡಿಮೆ. ಸವೆದ ಒಂದು ನಾಣ್ಯಕ್ಕೂ ಅದೇ ಬೆಲೆ, ಬೇರೆಲ್ಲಿಯೂ ಸಿಗದ ಒಂದು ಪುರಾಣದ ಪ್ರತಿಗೂ ಅದೇ ಬೆಲೆ! ಸಗಟು ಕ್ರಯದ ಸ್ವಭಾವವೇ ಇದು. ಅದು ಅಮೂಲ್ಯವಾದುದನ್ನೂ ಸಾಮಾನ್ಯವಾದುದನ್ನೂ ಒಂದೇ ಸರಾಸರಿಯಲ್ಲಿ ಕರಗಿಸಿಬಿಡುತ್ತದೆ.

ಹಾಗೆಂದು ಈ ಮಾರಾಟವನ್ನು ಅನ್ಯಾಯವೆಂದು ನಾನು ಹೇಳಲಾರೆ. ಇಡೀ ರಾಶಿಯನ್ನು ಬಿಡಿಬಿಡಿಯಾಗಿ ಮಾರಿದ್ದರೆ ನಾಣ್ಯಗಳು ನಾಣ್ಯಪ್ರಿಯರಿಗೂ ಚಿತ್ರಗಳು ಚಿತ್ರಪ್ರಿಯರಿಗೂ ಹೋಗುತ್ತಿದ್ದವು. ನಮ್ಮ ಹಳ್ಳಿಗಳ ಕೈಫಿಯತ್ತುಗಳನ್ನು ಕೇಳುವವರು ಯಾರಿದ್ದರು? ಒಟ್ಟಾಗಿ ಮಾರಿದ್ದರಿಂದಲೇ ಅವು ಬದುಕಿದವು. ದೋಷ ಇದ್ದದ್ದು ಬೇರೆ ಕಡೆ. ರಾಶಿ ಕೈ ಬದಲಾಯಿಸಿತು. ರಾಶಿಯನ್ನು ಅರಿತವರು ಅದರೊಡನೆ ಹೋಗಲಿಲ್ಲ. ವಿಲ್ಸನ್ ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸ. ತನ್ನ ಪಟ್ಟಿಯಲ್ಲಿ ಜೈನ ಗ್ರಂಥಗಳಿಗೆ ಪ್ರತ್ಯೇಕ ವಿಭಾಗವನ್ನೇ ಕೊಟ್ಟಿದ್ದಾನೆ. ಆದರೆ ದಕ್ಷಿಣದ ಭಾಷೆಗಳು ಅವನಿಗೆ ಬಾರದಿದ್ದುದರಿಂದ, ಸಹಾಯಕರು ಬರೆದುಕೊಟ್ಟ ಸಾರಾಂಶಗಳನ್ನೇ ನೆಚ್ಚಬೇಕಾಯಿತು. ಬೋರಯ್ಯ 1803ರಲ್ಲಿಯೇ ತೀರಿಕೊಂಡಿದ್ದನು. ಲಕ್ಷ್ಮಯ್ಯ ಈ ಕಾರ್ಯವನ್ನು ಮುಂದುವರಿಸಲು ಅವಕಾಶ ಬೇಡಿದಾಗ, 1830ರ ದಶಕದಲ್ಲಿ ಏಷಿಯಾಟಿಕ್ ಸೊಸೈಟಿಯ ವಿದ್ವಾಂಸರು ಅವನು ಅದಕ್ಕೆ ಸಮರ್ಥನಲ್ಲವೆಂದು ಅಭಿಪ್ರಾಯಪಟ್ಟರು. ಕೆಲಸ ಮದರಾಸಿನ ಪಾದ್ರಿ ವಿಲಿಯಂ ಟೇಲರ್ ಪಾಲಿಗೆ ಹೋಯಿತು. ಅಷ್ಟು ಹೊತ್ತಿಗೆ ಅನೇಕ ಕಾಗದಗಳ ಶಾಯಿ ಮಾಸಿ, ಹುಳು ಹತ್ತಿ, ಅವುಗಳನ್ನು ಹೊಸದಾಗಿ ನಕಲು ಮಾಡಿಸಬೇಕಾದ ಸ್ಥಿತಿ ಬಂದಿತ್ತು. ಕೊಂಡವರು ವಸ್ತುವಿಗೆ ಲಕ್ಷ ರೂಪಾಯಿ ಕೊಟ್ಟರು, ಅದರ ಅರಿವಿಗೆ ಬೆಲೆ ಕಟ್ಟಲಿಲ್ಲ.

ಸಂಗ್ರಹದ ಒಂದು ಭಾಗ ಲಂಡನ್ನಿಗೆ ಹೋಯಿತು, ಒಂದು ಭಾಗ ಕಲ್ಕತ್ತೆಯಲ್ಲಿ ಉಳಿಯಿತು. ದಕ್ಷಿಣದ ಭಾಷೆಗಳ ಗ್ರಂಥಗಳು ಮದರಾಸಿಗೆ ಮರಳಿ, ಇಂದಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದ ಬುನಾದಿಗಳಲ್ಲಿ ಒಂದಾದವು. ಅಲ್ಲಿದ್ದ ಕನ್ನಡ ಸಾಮಗ್ರಿ ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂದು 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಮಾರಾಟವಾದ ಕಾಲದಿಂದ ಅಲ್ಲಿಯವರೆಗೆ 170 ವರ್ಷಗಳಿಗೂ ಹೆಚ್ಚು ಅವಧಿ ಕಳೆದಿತ್ತು.

ಇದಕ್ಕೆ ಪ್ರತಿಯಾಗಿ, ನಮ್ಮಲ್ಲಿ ಗ್ರಂಥವನ್ನು ಮಾರುವ ಮಾತೇ ಇರಲಿಲ್ಲ, ಶಾಸ್ತ್ರದಾನವಷ್ಟೇ ಇತ್ತು ಎಂದು ಅಭಿಮಾನದಿಂದ ಹೇಳುವುದುಂಟು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ನಮ್ಮ ಹೆಮ್ಮೆ. ಆದರೆ ಮಾರದೆ ಇಟ್ಟ ಮಾತ್ರಕ್ಕೆ ರಕ್ಷಣೆಯಾಗುವುದಿಲ್ಲ ಎಂಬುದಕ್ಕೆ ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳೇ ಸಾಕ್ಷಿ. ಷಟ್ಖಂಡಾಗಮದ ಧವಲಾ ಟೀಕೆಯ ಓಲೆಪ್ರತಿಗಳು ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಅದು ನಮ್ಮ ಹಿರಿಯರ ಮಹದುಪಕಾರ. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ಇದ್ದವು, ಅಧ್ಯಯನಕ್ಕೆ ಒದಗಲಿಲ್ಲ. ಅವುಗಳ ನಕಲು ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಡಾ. ಹೀರಾಲಾಲ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಮುದ್ರಣವಾದದ್ದು 1939ರಲ್ಲಿ. ಅತ್ತಿಮಬ್ಬೆಯ ದಾನದ ಮರ್ಮ ಬೆಲೆ ತೆಗೆದುಕೊಳ್ಳದಿದ್ದುದರಲ್ಲಿ ಮಾತ್ರವಲ್ಲ, ಗ್ರಂಥ ಓದುವವನ ಕೈ ಸೇರುವಂತೆ ನೋಡಿಕೊಂಡುದರಲ್ಲಿದೆ. ಈ ಅಳತೆಗೋಲಿನಿಂದ ನೋಡಿದರೆ, ಓದುವವನಿಗೆ ತಲುಪುವ ವಿಕ್ರಯವು ಕಪಾಟಿನಲ್ಲಿ ಕೊಳೆಯುವ ದಾನಕ್ಕಿಂತ ಕೀಳಲ್ಲ.

ಇನ್ನು ಕೊಳ್ಳುವವನ ಧರ್ಮದ ವಿಚಾರ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು ತತ್ತ್ವಾರ್ಥಸೂತ್ರವು ಎಣಿಸಿದೆ. ಅಂದರೆ, ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ. ನಾವು ವರ್ತಕರು ಇದನ್ನು ತಕ್ಕಡಿಗೆ ಮಾತ್ರ ಅನ್ವಯಿಸಿಕೊಂಡು, ಬಟ್ಟು ಸರಿಯಿದ್ದರೆ ವ್ರತ ಉಳಿಯಿತೆಂದು ಸಮಾಧಾನಪಡುತ್ತೇವೆ. ಆದರೆ ಪುಸ್ತಕವನ್ನು ಕಿಲೋ ಲೆಕ್ಕದಲ್ಲಿ ಕೊಂಡು, ಹೆಸರು ನೋಡಿ ಮಾರಿದರೆ ಅದು ಎರಡು ಅಳತೆಯಲ್ಲವೇ? ತಕ್ಕಡಿ ಸತ್ಯವನ್ನೇ ಹೇಳಿರಬಹುದು. ತಕ್ಕಡಿಯನ್ನು ಆರಿಸಿದ್ದೇ ಸುಳ್ಳಾಗಿರಬಹುದು.

ಈ ಮಾತನ್ನು ನಾನು ಪರರತ್ತ ಬೆರಳು ತೋರಿ ಹೇಳುತ್ತಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಪರದೇಶಕ್ಕೆ ಹೊರಟಿದ್ದ ಒಂದು ಕುಟುಂಬದಿಂದ, ಗತಿಸಿದ ಹಿರಿಯರ ಪುಸ್ತಕಗಳನ್ನು ತೂಕದ ಮೇಲೆ ಕೊಂಡೆ. ಅವರಿಗೆ ಅವಸರವಿತ್ತು, ನನಗೆ ಅದು ಗೊತ್ತಿತ್ತು. ಅಂಗಡಿಗೆ ತಂದು ಕಟ್ಟು ಬಿಚ್ಚಿದಾಗ, ಆ ಹಿರಿಯರು ತಮ್ಮ ಕೈಯಿಂದಲೇ ಒಂದು ಪುರಾಣವನ್ನು ನಕಲು ಮಾಡಿದ ದಪ್ಪ ವಹಿಯೊಂದು ಸಿಕ್ಕಿತು. ಅದರ ಕೊನೆಯ ಹಾಳೆಗಳಲ್ಲಿ ಮನೆಯ ಮಕ್ಕಳ ಜನನದ ತಿಥಿ-ನಕ್ಷತ್ರಗಳನ್ನೂ, ಯಾರು ಯಾವ ನೋಂಪಿ ನೋಂತರೆಂಬುದನ್ನೂ ಬರೆದಿಟ್ಟಿದ್ದರು. ಅವರು ಹೊರಡಲು ಇನ್ನೂ ನಾಲ್ಕು ದಿನಗಳಿದ್ದವು. ನಾನು ಹೋಗಿ ಹೇಳಲಿಲ್ಲ. ಕ್ರಯ ಮುಗಿದಿದೆ, ರಸೀದಿ ಇದೆ ಎಂದುಕೊಂಡೆ. ವಹಿಯನ್ನು ಮಾರಲೂ ಇಲ್ಲ, ಬೀರುವಿನಲ್ಲಿಟ್ಟೆ. ಪ್ರತಿವರ್ಷ ಪರ್ಯೂಷಣ ಮುಗಿದು ಕ್ಷಮಾವಣಿಯ ದಿನ ಬಂದಾಗ ಆ ಬೀರು ಕಣ್ಣಿಗೆ ಬೀಳುತ್ತಿತ್ತು. ಏಳು ವರ್ಷಗಳ ಮೇಲೆ ಅವರ ಬಂಧುವೊಬ್ಬರ ಮೂಲಕ ವಿಳಾಸ ಪಡೆದು, ತಪ್ಪೊಪ್ಪಿಕೊಂಡು, ವಹಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆ. ಅದು ತಲುಪಿತೆಂದು ಎರಡು ಸಾಲಿನ ಉತ್ತರ ಬಂದಿತು. ಕಾನೂನಿನ ಲೆಕ್ಕದಲ್ಲಿ ನಾನು ಅಪರಾಧಿಯಲ್ಲ. ಆದರೆ ಕೊಡುವವನಿಗೆ ತಾನು ಏನನ್ನು ಕೊಡುತ್ತಿದ್ದೇನೆಂಬುದೇ ತಿಳಿಯದಿದ್ದಾಗ, ಅದನ್ನು ಅವನು ‘ಕೊಟ್ಟ’ನೆಂದು ಹೇಳಬಹುದೇ? ಅದತ್ತಾದಾನವೆಂಬ ಪದದ ಅರ್ಥವನ್ನು ನಾನು ಗ್ರಂಥಗಳಿಂದ ಕಲಿತದ್ದಕ್ಕಿಂತ ಆ ಬೀರುವಿನಿಂದ ಹೆಚ್ಚಾಗಿ ಕಲಿತೆನು.

ಈಗ ನನ್ನದೇ ದಾಸ್ತಾನು ನನ್ನ ಮುಂದಿದೆ. ಮೂರು ಸಾವಿರಕ್ಕೂ ಮೇಲ್ಪಟ್ಟ ಪುಸ್ತಕಗಳು. ಒಬ್ಬ ವ್ಯಾಪಾರಿ ಬಂದು ನೋಡಿ, ಒಟ್ಟು ಮೊತ್ತವೊಂದನ್ನು ಹೇಳಿ ಹೋಗಿದ್ದಾರೆ. ಅವರು ಹೇಳಿದ್ದು ಅನ್ಯಾಯದ ಬೆಲೆಯಲ್ಲ. ಅವರ ಸ್ಥಾನದಲ್ಲಿದ್ದರೆ ನಾನೂ ಅಷ್ಟನ್ನೇ ಹೇಳುತ್ತಿದ್ದೆ. ಆದರೂ ಒಂದು ತಿಂಗಳ ಅವಧಿ ಕೇಳಿದ್ದೇನೆ. ಮೆಕೆಂಜಿಗೆ ಸಿಗದೆ ಹೋದ ಕಾಲ ನನಗೆ ಸಿಕ್ಕಿರುವಾಗ ಅದನ್ನು ವ್ಯರ್ಥ ಮಾಡಬಾರದೆಂದು ಪ್ರತಿದಿನ ಸಾಯಂಕಾಲ ನೂರರಂತೆ ಪಟ್ಟಿ ಬರೆಯುತ್ತಿದ್ದೇನೆ: ಗ್ರಂಥದ ಹೆಸರು, ಕರ್ತೃ, ಮುದ್ರಣದ ವರ್ಷ, ಯಾರ ಮನೆಯಿಂದ ಬಂತು ಎಂಬ ನೆನಪು. ಪ್ರತಿಯೊಂದರ ಹಾಳೆಗಳನ್ನು ತಿರುವಿ, ಒಳಗಿರುವ ಪತ್ರ, ಜಾತಕ, ಕೈಬರಹಗಳನ್ನು ಬೇರೆ ಇಡುತ್ತಿದ್ದೇನೆ. ಕೈಬರಹಗಳು ಸಂಬಂಧಪಟ್ಟ ಮನೆಗಳಿಗೆ ಹೋಗಬೇಕು. ಮನೆ ತಿಳಿಯದಿದ್ದರೆ ಯಾವುದಾದರೂ ಹಸ್ತಪ್ರತಿ ಭಂಡಾರಕ್ಕೆ ಸೇರಬೇಕು. ಉಳಿದುದನ್ನು ಪಟ್ಟಿಯೊಡನೆ ಒಟ್ಟಾಗಿಯೇ ಮಾರುತ್ತೇನೆ. ಪಟ್ಟಿ ನೋಡಿದ ಮೇಲೆ ವ್ಯಾಪಾರಿಯು ಬೆಲೆ ಏರಿಸಲಿ, ಇಳಿಸಲಿ, ಅದು ಅವರ ಧರ್ಮ.

ವಲಸೆ ಹೊರಟಿರುವ ಧರ್ಮಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಪುಸ್ತಕಗಳನ್ನು ಮಾರುವುದು ಪಾಪವೆಂದು ಹಿಂಜರಿದು ಗೆದ್ದಲಿಗೆ ಒಪ್ಪಿಸಬೇಡಿ. ಪರಿಗ್ರಹವನ್ನು ಕಳೆದುಕೊಳ್ಳುವ ಆತುರದಲ್ಲಿ ಕಣ್ಣುಮುಚ್ಚಿ ತೂಕಕ್ಕೂ ಹಾಕಬೇಡಿ. ಪರಿಗ್ರಹವನ್ನು ಬಿಡುವುದಕ್ಕೂ ವಿವೇಕ ಬೇಕು. ಮನೆಯಲ್ಲಿ ಹಳೆಯ ಲಿಪಿ ಓದಬಲ್ಲ ಹಿರಿಯರಿದ್ದರೆ, ಮೊದಲು ಅವರನ್ನು ಕಪಾಟಿನ ಮುಂದೆ ಕುರ್ಚಿ ಹಾಕಿ ಕೂರಿಸಿ, ಒಂದೊಂದನ್ನೇ ತೋರಿಸಿ ಕೇಳಿ ಬರೆದುಕೊಳ್ಳಿರಿ. ಬೆಲೆಯ ಮಾತು ಆಮೇಲೆ ಆಗಲಿ.